ಅವಳದೇ ಆದ ಒಂದು ತಾಸು



ಸ್ಮರಣ ಸಂಚಿಕೆಯ ಸಂಪಾದಕ ಮಂಡಲಿಯವರು ಈ ಸಾರಿ ಶಾಲೆಯ ವರದಿಯಲ್ಲದೆ ನನ್ನಿಂದ ಬೇರೊಂದು ಲೇಖನವನ್ನೂ ಬೇಡಿರುವರು. ವರದಿಯು ಮುಂದಿನ ಪುಟಗಳಲ್ಲಿದೆ. ಎಷ್ಟು ಮಂದಿ ತೇರ್ಗಡೆ ಹೊಂದಿದರು, ಯಾವ ಕೋಣೆಗೆ ಹೊಸ ಹೆಂಚು ಹೊದಿಸಲಾಯಿತು, ಆಟದ ಪಂದ್ಯಗಳಲ್ಲಿ ಯಾವ ಬಹುಮಾನಗಳು ದೊರೆತವು ಎಂಬುದನ್ನೆಲ್ಲ ವಾಚಕರು ಅಲ್ಲಿ ನೋಡಬಹುದು. ವರದಿಯ ಯಾವ ಅಂಕಣದಲ್ಲಿಯೂ ಸೇರದ ಒಂದು ಸಂಗತಿಯನ್ನು ನಾನು ಇಲ್ಲಿ ಬರೆಯಬೇಕೆಂದಿದ್ದೇನೆ. ಅದು ನಮ್ಮ ಹುಡುಗಿಯರ ವೇಳೆಯ ಸಂಗತಿ.

ಲೆಕ್ಕವು ಬಹು ಸುಲಭವಾದದ್ದು. ದಿನದ ೨೪ ತಾಸುಗಳಲ್ಲಿ ಹುಡುಗಿಯು ಶಾಲೆಯಲ್ಲಿರುವುದು ಹೆಚ್ಚೆಂದರೆ ಆರೂವರೆ ತಾಸು. ಉಳಿದ ಹದಿನೇಳೂವರೆ ತಾಸು ಅವಳು ಮನೆಯವಳು. ಶಾಲೆಯ ಆರೂವರೆ ತಾಸುಗಳಿಗೆ ವೇಳಾಪತ್ರಿಕೆಯಿದೆ, ಗಂಟೆಯಿದೆ, ಮೇಲ್ವಿಚಾರಣೆಯಿದೆ. ಮನೆಯ ತಾಸುಗಳಿಗೆ ಇವು ಯಾವುವೂ ಇಲ್ಲ. ಆದರೂ ಹುಡುಗಿಯು ಕಲಿಯುವಳೋ ಕಲಿಯಲಾರಳೋ ಎಂಬುದು ಬಹುಮಟ್ಟಿಗೆ ಆ ಮನೆಯ ತಾಸುಗಳಲ್ಲಿಯೇ ನಿಶ್ಚಯವಾಗುತ್ತದೆಂದು ಇಪ್ಪತ್ತು ವರ್ಷಗಳಿಗೆ ಮೀರಿದ ನನ್ನ ಅನುಭವವು ಹೇಳುತ್ತದೆ.

ಉಪಾಧ್ಯಾಯಿನಿಯಾದವಳು ಮಕ್ಕಳ ಮನೆಗಳಿಗೆ ದಿನವೂ ಹೋಗಲಾರಳು. ಆದರೆ ಮನೆಗಳು ದಿನವೂ ಶಾಲೆಗೆ ಬರುತ್ತವೆ. ಮುಂಜಾನೆ ಪ್ರಾರ್ಥನೆಯ ಗಂಟೆಯಾಗಿ ಮಕ್ಕಳು ಸಾಲುಗಟ್ಟಿ ನಿಂತಾಗ ಯಾರು ಹಸಿದು ಬಂದಿರುವರು, ಯಾರ ತಾಯಿಗೆ ಮೈ ನೆಟ್ಟಗಿಲ್ಲ, ಯಾರ ಮನೆಯಲ್ಲಿ ರಾತ್ರಿ ನಿದ್ದೆಗೆಡುವಂಥ ಮಾತುಕತೆ ನಡೆದಿದೆ ಎಂಬುದು ಕೇಳದೆಯೇ ತಿಳಿಯುತ್ತದೆ. ಅಲ್ಲಿ ತಿಳಿಯದ್ದು ಹಾಜರಿ ಪುಸ್ತಕದಲ್ಲಿ ತಿಳಿಯುತ್ತದೆ.

ಹೊರಗಿನವರಿಗೆ ಹಾಜರಿ ಪುಸ್ತಕವು ಗೆರೆ ಚುಕ್ಕಿಗಳ ಒಣ ಪುಸ್ತಕವೆಂದು ತೋರಬಹುದು. ಓದಬಲ್ಲವರಿಗೆ ಅದರಲ್ಲಿ ಇಡೀ ಊರಿನ ಬಾಳುವೆ ಇದೆ. ನಮ್ಮ ಗದಗ-ಬೆಟಗೇರಿಯು ನೀರಿನ ಕೊರತೆಗೆ ಹೆಸರಾದ ಊರು. ನಳಕ್ಕೆ ನೀರು ದಿನವೂ ಬರುವುದಿಲ್ಲ. ಬಂದ ದಿನ ಮನೆಯಲ್ಲಿರುವ ಕೊಡ, ಹಂಡೆ, ಬ್ಯಾರಲ್ಲುಗಳೆಲ್ಲವೂ ತುಂಬಬೇಕು. ಒಂದೇ ಓಣಿಯ ನಾಲ್ವರು ಹುಡುಗಿಯರು ಒಂದೇ ದಿನ ತಡವಾಗಿ ಬಂದರೆ ಆ ಓಣಿಗೆ ಅಂದು ನೀರು ಬಂದಿದೆಯೆಂದು ನಾವು ಕೇಳದೆಯೇ ಹೇಳಬಲ್ಲೆವು. ಶ್ರಾವಣ ಕಳೆಯುತ್ತಿರಲು ಸುತ್ತಲಿನ ಹಳ್ಳಿಗಳ ಹುಡುಗಿಯರ ಹೆಸರುಗಳ ಮುಂದೆ ಗೈರುಹಾಜರಿಯ ಗುರುತುಗಳು ಹೆಚ್ಚುತ್ತವೆ. ಅದು ಹೊಲದಲ್ಲಿ ಹೆಸರುಕಾಯಿ ಬಿಡಿಸುವ ಕಾಲ. ಮುಂದೆ ಹತ್ತಿ ಬಿಡಿಸುವ ಕಾಲ ಬರುತ್ತದೆ. ಬಿಳಿಜೋಳದ ಸುಗ್ಗಿಯೂ ಹತ್ತನೆಯ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಯೂ ಹೆಚ್ಚುಕಡಿಮೆ ಒಂದೇ ವೇಳೆಗೆ ಬಂದು ಒಂದನ್ನೊಂದು ತಳ್ಳಾಡುತ್ತವೆ. ಬೇಸಗೆಯ ಲಗ್ನಸರಾಯಿಯಲ್ಲಿ ಏನಾಗುವುದೆಂಬುದನ್ನು ಮುಂದೆ ಹೇಳುವೆನು.

ಇಂಥ ದಿನಗಳಲ್ಲಿ ತಡವಾಗಿ ಬಂದ ಹುಡುಗಿಯನ್ನು ನಾನು ಒಂದು ಪ್ರಶ್ನೆ ಕೇಳುವುದುಂಟು: "ನಿಮ್ಮ ಅಣ್ಣನು ಇವತ್ತು ಕಾಲೇಜಿಗೆ ಎಷ್ಟು ಹೊತ್ತಿಗೆ ಹೋದನು?" ಬಹುಶಃ ಒಂದೇ ಉತ್ತರ ಬರುತ್ತದೆ: "ವ್ಯಾಳ್ಯಾಕ್ಕ ಹೋದಾನ್ರಿ ಟೀಚರ್." ಹೇಳುವಾಗ ಅವಳಿಗೆ ಅದರಲ್ಲಿ ವಿಶೇಷವೇನೂ ಕಾಣಿಸುವುದಿಲ್ಲ.

ಹೋದ ವರ್ಷ ಒಂಬತ್ತನೆಯ ತರಗತಿಯ ಕನ್ನಡ ಪಾಠವು ಕೆಲವು ವಾರ ನನ್ನ ಪಾಲಿಗೆ ಬಂದಿತ್ತು. ಹಬ್ಬ, ಗ್ರಂಥಾಲಯ, ಸಮೂಹ ಮಾಧ್ಯಮ ಮುಂತಾದ ವಿಷಯಗಳ ಮೇಲಿನ ಪ್ರಬಂಧಗಳನ್ನು ಮಕ್ಕಳು ಮಾರ್ಗದರ್ಶಿ ಪುಸ್ತಕಗಳಿಂದ ಬಾಯಿಪಾಠ ಮಾಡಿ ಬರೆಯುವರು. ಅಲ್ಲಿಂದ ಕದಿಯಲಾಗದ ಒಂದು ವಿಷಯವನ್ನು ಕೊಡೋಣವೆಂದು 'ಶಾಲೆಗೆ ಬರುವ ಮೊದಲು ನಾನು ಮಾಡುವ ಕೆಲಸಗಳು' ಎಂದು ಹಲಗೆಯ ಮೇಲೆ ಬರೆದೆನು. ಎದುರಿಗೆ ಗಂಟೆ ನಿಮಿಷಗಳನ್ನು ಬರೆಯಬೇಕೆಂದೂ ಹೇಳಿದೆನು.

ಆ ಪುಸ್ತಕಗಳನ್ನು ತಿದ್ದಲು ನನಗೆ ಎರಡು ರಾತ್ರಿಗಳು ಬೇಕಾದವು. ಐದೂವರೆಗೆ ಎದ್ದು ಕಸ ಹೊಡೆದು, ಅಂಗಳಕ್ಕೆ ನೀರು ಹಾಕಿ, ಬಚ್ಚಲ ಒಲೆಗೆ ಉರಿಯಿಟ್ಟು, ಇಪ್ಪತ್ತು ರೊಟ್ಟಿ ಬಡಿದು, ತಮ್ಮನಿಗೆ ಸ್ನಾನ ಮಾಡಿಸಿ, ಅಪ್ಪನ ಬುತ್ತಿ ಕಟ್ಟಿ, ಆಮೇಲೆ ಶಾಲೆಗೆ ಬರುವವಳು ಒಬ್ಬಳು. ಅಜ್ಜಿಗೆ ಪಾರ್ಶ್ವವಾಯುವಾಗಿರುವುದರಿಂದ ಅವಳ ಹಾಸಿಗೆ ಬದಲಿಸಿ, ಮೈ ಒರಸಿ, ಗಂಜಿ ಕುಡಿಸಿ ಬರುವವಳು ಇನ್ನೊಬ್ಬಳು. ತಾಯಿಯೊಡನೆ ಪೇಟೆಗೆ ಕಾಯಿಪಲ್ಲೆಯ ಬುಟ್ಟಿ ಹೊರುವವಳು ಮತ್ತೊಬ್ಬಳು. ಗುಮಾಸ್ತರ ಮನೆಯ ಒಬ್ಬ ಹುಡುಗಿ ಮಾತ್ರ, ಏಳಕ್ಕೆ ಏಳುವೆನು, ಅಮ್ಮ ಜಡೆ ಹೆಣೆಯುವಳು, ಉಪ್ಪಿಟ್ಟು ತಿಂದು ಬರುವೆನು ಎಂದು ಮೂರು ಸಾಲಿನಲ್ಲಿ ಮುಗಿಸಿದ್ದಳು.

ಎಲ್ಲಕ್ಕಿಂತ ನನ್ನನ್ನು ಯೋಚನೆಗೆ ಹಚ್ಚಿದ ಪುಸ್ತಕವೊಂದಿತ್ತು. ಅದರ ಮೊದಲನೆಯ ವಾಕ್ಯದಲ್ಲಿ ಆ ಹುಡುಗಿಯು ತಾನು ಮನೆಯಲ್ಲಿ ಏನೂ ಕೆಲಸ ಮಾಡುವುದಿಲ್ಲವೆಂದು ಬರೆದಿದ್ದಳು. ಪುಟ ತುಂಬಬೇಕಾಗಿದ್ದುದರಿಂದ ಅದರ ಕೆಳಗೆ ಮುಂಜಾನೆಯ ಹೊತ್ತು ಹೇಗೆ ಹೋಗುತ್ತದೆಂದು ವರ್ಣಿಸಿದ್ದಳು: ಹಾಲು ತರುವುದು, ಪಾತ್ರೆ ತಿಕ್ಕುವುದು, ಬಟ್ಟೆ ನೆನೆಹಾಕುವುದು, ಇಬ್ಬರು ತಂಗಿಯರ ಜಡೆ ಹಾಕುವುದು. ಒಂದೂಮುಕ್ಕಾಲು ತಾಸಿನ ದುಡಿಮೆ! ಅವಳಿಗೆ ಅದು ಕೆಲಸವೆಂದು ತೋರಿರಲಿಲ್ಲ. ಮನೆಯಲ್ಲಿ ಯಾರೂ ಅದನ್ನು ಕೆಲಸವೆಂದು ಕರೆದಿರಲಿಕ್ಕಿಲ್ಲ.

ಇದು ನಮ್ಮೂರೊಂದರ ಕಥೆಯಲ್ಲ. ೨೦೧೯ರಲ್ಲಿ ಭಾರತ ಸರಕಾರದ ಅಂಕಿಸಂಖ್ಯಾ ಕಚೇರಿಯವರು ದೇಶದ ಜನರು ದಿನದ ವೇಳೆಯನ್ನು ಹೇಗೆ ಕಳೆಯುವರೆಂದು ಸಮೀಕ್ಷೆ ನಡಿಸಿದರು. ಆರು ವರ್ಷ ಮತ್ತು ಅದಕ್ಕೆ ಮೇಲ್ಪಟ್ಟವರನ್ನು ಅದರಲ್ಲಿ ಲೆಕ್ಕಕ್ಕೆ ಹಿಡಿದಿದ್ದರು. ಸಂಬಳವಿಲ್ಲದ ಮನೆಗೆಲಸಕ್ಕೆ ದಿನದಲ್ಲಿ ಸ್ವಲ್ಪವಾದರೂ ಕೈಹಚ್ಚುವವರು ಸ್ತ್ರೀಯರಲ್ಲಿ ನೂರಕ್ಕೆ ೮೧ ಮಂದಿ, ಪುರುಷರಲ್ಲಿ ನೂರಕ್ಕೆ ೨೬ ಮಂದಿ ಮಾತ್ರ. ಹೀಗೆ ಕೈಹಚ್ಚುವವರಲ್ಲಿಯೂ ಸ್ತ್ರೀಯು ದಿನಕ್ಕೆ ಸರಾಸರಿ ೨೯೯ ನಿಮಿಷ, ಪುರುಷನು ೯೭ ನಿಮಿಷ. ೨೯೯ ನಿಮಿಷವೆಂದರೆ ಒಂದು ನಿಮಿಷ ಕಡಿಮೆ ಐದು ತಾಸು. ಇಷ್ಟು ದೊಡ್ಡ ಹೊರೆಯನ್ನು ಯಾವ ಹೆಣ್ಣೂ ಮದುವೆಯ ಮರುದಿನ ಒಮ್ಮೆಲೆ ಹೊರುವುದಿಲ್ಲ. ಏಳನೆಯ ವಯಸ್ಸಿನಲ್ಲಿ ಒಂದು ಲೋಟ ತೊಳೆಯುವುದರಿಂದ ಆರಂಭವಾಗಿ, ಹದಿಮೂರು ಹದಿನಾಲ್ಕರಲ್ಲಿ ಅದು ಅರ್ಧ ಸಂಸಾರವಾಗುತ್ತದೆ. ಪಾಠಗಳು ಕಠಿಣವಾಗುವ ವಯಸ್ಸೂ ಅದೇ.

ಹಿಂದಿನವರು ನಮಗಾಗಿ ಮಾಡಿದ್ದನ್ನು ಇಲ್ಲಿ ನೆನೆಯುವುದು ಯುಕ್ತವಾಗಿದೆ. ೧೮೪೮ರಲ್ಲಿ ಪುಣೆಯಲ್ಲಿ ಸಾವಿತ್ರಿಬಾಯಿ ಫುಲೆಯವರು ಹುಡುಗಿಯರಿಗೆ ಕಲಿಸಲು ಹೊರಟಾಗ ಬೀದಿಯಲ್ಲಿ ಅವರ ಮೇಲೆ ಕೆಸರು ಸೆಗಣಿಗಳನ್ನು ಎಸೆದರು. ನಮ್ಮ ಕನ್ನಡ ಸೀಮೆಯಲ್ಲಿ ೧೮೩೪ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್ನಿನವರು ಗಂಡುಮಕ್ಕಳಿಗಲ್ಲದೆ ಹೆಣ್ಣುಮಕ್ಕಳಿಗೂ ಪಾಠಶಾಲೆಗಳನ್ನು ತೆರೆದರು. ಮೈಸೂರಿನಲ್ಲಿ ೧೮೮೧ರಲ್ಲಿ ಮಹಾರಾಣಿಯವರ ಹೆಸರಿನ ಬಾಲಿಕಾ ಪಾಠಶಾಲೆಯು ಹುಟ್ಟಿತು. ಆ ಕಾಲದವರ ಕಷ್ಟವೆಲ್ಲ ಹುಡುಗಿಯನ್ನು ಹೊಸ್ತಿಲು ದಾಟಿಸುವುದರಲ್ಲಿತ್ತು. ಇದು ಎಷ್ಟು ನಿಧಾನವಾಗಿ ಫಲಿಸಿತೆಂದರೆ, ೧೯೫೧ರ ಜನಗಣತಿಯಲ್ಲಿ ಸಹ ಭಾರತದ ನೂರು ಸ್ತ್ರೀಯರಲ್ಲಿ ಅಕ್ಷರ ಬಲ್ಲವರು ೯ ಮಂದಿಯೂ ಇರಲಿಲ್ಲ. ೨೦೧೧ರ ಜನಗಣತಿಗೆ ನಮ್ಮ ಕರ್ನಾಟಕದಲ್ಲಿ ಅವರು ನೂರಕ್ಕೆ ೬೮ ಮಂದಿಯಾದರು. ಹೊಸ್ತಿಲನ್ನು ದಾಟಿಸಿದ್ದಾಯಿತು. ಆದರೆ ಹುಡುಗಿಯ ದೇಹವು ಹೊಸ್ತಿಲು ದಾಟಿ ಬೆಂಚಿನ ಮೇಲೆ ಕುಳಿತು, ಅವಳ ವೇಳೆಯು ಮನೆಯಲ್ಲಿಯೇ ಉಳಿದರೆ, ಆ ಹಿರಿಯರ ಶ್ರಮವು ಅರ್ಧಕ್ಕೆ ನಿಂತಂತೆಯೇ ಸರಿ.

ಕಾಯಿದೆಗಳು ನಮಗೆ ಬಹಳ ಸಹಾಯಕವಾಗಿವೆ. ೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆಯು ೨೦೧೦ರ ಏಪ್ರಿಲಿನಿಂದ ಜಾರಿಗೆ ಬಂದು, ಆರರಿಂದ ಹದಿನಾಲ್ಕು ವರ್ಷದ ಮಕ್ಕಳನ್ನೆಲ್ಲ ಶಾಲೆಗೆ ಕರೆತಂದಿದೆ. ಮಧ್ಯಾಹ್ನದ ಬಿಸಿಯೂಟವೂ, ೨೦೧೩ರಲ್ಲಿ ಆರಂಭವಾದ ಕ್ಷೀರಭಾಗ್ಯದ ಹಾಲೂ ಎಷ್ಟೋ ಹುಡುಗಿಯರ ಕಣ್ಣಿಗೆ ಬೆಳಕು ತಂದಿರುವುದನ್ನು ನಾನು ಕಂಡಿದ್ದೇನೆ. ಆದರೆ ಹಕ್ಕು ಹದಿನಾಲ್ಕಕ್ಕೆ ಮುಗಿಯುತ್ತದೆ. ಒಂಬತ್ತು ಹತ್ತನೆಯ ತರಗತಿಗಳು ಆ ಬೇಲಿಯ ಹೊರಗೆ ಇವೆ. ೨೦೦೬ರ ಬಾಲ್ಯವಿವಾಹ ನಿಷೇಧ ಕಾಯಿದೆಯ ಪ್ರಕಾರ ಹದಿನೆಂಟು ತುಂಬದ ಹುಡುಗಿಯ ಮದುವೆಯು ಅಪರಾಧ. ಹದಿನಾಲ್ಕಕ್ಕೂ ಹದಿನೆಂಟಕ್ಕೂ ನಡುವಿನ ನಾಲ್ಕು ವರ್ಷಗಳಲ್ಲಿ ಹುಡುಗಿಯನ್ನು ಕಾಯುವವರು ಅವಳ ಮನೆಯವರು ಮತ್ತು ನಾವು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡದಿದ್ದರೆ ಅವಳು ಆ ಸಂದಿಯಲ್ಲಿ ಬೀಳುವಳು.

ಹೀಗೆ ಬೀಳಲಿದ್ದ ಒಬ್ಬಳ ವಿಷಯವನ್ನು ಹೇಳುವೆನು. ಹೆಸರು ಬೇಡ. ಅವಳೂ ಅವಳ ತಂದೆಯೂ ಇದನ್ನು ಬರೆಯಲು ಒಪ್ಪಿರುವರು.

ಬೆಟಗೇರಿಯ ನೇಕಾರರ ಮನೆಯ ಹುಡುಗಿ. ಹತ್ತನೆಯ ತರಗತಿಗೆ ಬರುವ ತನಕ ಸಾಧಾರಣವಾಗಿ ಓದುತ್ತಿದ್ದಳು. ಅಕ್ಷರ ಬಹಳ ದುಂಡಗಿತ್ತು. ಜೂನಿನಲ್ಲಿ ತಾಯಿಗೆ ಶಸ್ತ್ರಚಿಕಿತ್ಸೆಯಾಗಿ ಕೆಲವು ತಿಂಗಳು ಭಾರ ಎತ್ತಬಾರದೆಂದು ವೈದ್ಯರು ಹೇಳಿದರು. ಜುಲೈಯಲ್ಲಿ ಹುಡುಗಿಯು ತಡವಾಗಿ ಬರತೊಡಗಿದಳು. ಆಗಸ್ಟಿನಲ್ಲಿ ವಾರಕ್ಕೆ ಎರಡು ದಿನ ಬರುವುದು ನಿಂತಿತು. ಕೇಳಿದರೆ, "ಕಂಡಿಕಿ ಸುತ್ತಿ ಬರೂದ್ರಾಗ ತಡಾ ಆತ್ರಿ ಟೀಚರ್" ಎಂದಿಷ್ಟೇ ಹೇಳುವಳು. ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕೂಡ್ರಲು ನೂರಕ್ಕೆ ೭೫ರಷ್ಟು ಹಾಜರಿ ಬೇಕು. ಸಪ್ಟೆಂಬರಿನ ಕೊನೆಗೆ ಅವಳ ಹಾಜರಿಯು ಆ ಗೆರೆಗೆ ತಾಗಿ ನಿಂತಿತು.

ಒಂದು ಶನಿವಾರ, ಅರ್ಧ ದಿನದ ಶಾಲೆ ಮುಗಿದ ಮೇಲೆ, ತರಗತಿಯ ಉಪಾಧ್ಯಾಯಿನಿಯೂ ನಾನೂ ಅವರ ಮನೆಗೆ ಹೋದೆವು. ಮಗ್ಗದ ಸಪ್ಪಳವು ಓಣಿಯ ಬಾಯಿಗೇ ಕೇಳಿಸುತ್ತಿತ್ತು. ತಂದೆಯು ನಮ್ಮನ್ನು ಕಂಡು ಎದ್ದು ನಿಂತನು. ಆದರೆ ಅವನ ಕಣ್ಣು ಅರ್ಧ ನೇಯ್ದ ಸೀರೆಯ ಮೇಲೆಯೇ ಇತ್ತು. "ಮಗ್ಗ ನಿಂತರ ಹೊಟ್ಟಿ ನಿಂತಂಗ್ರಿ ಟೀಚರ್" ಎಂದನು. ಅದು ಸುಳ್ಳಲ್ಲ. ಕಂಡಿಕೆಯಿಲ್ಲದೆ ಲಾಳಿಯಿಲ್ಲ, ಲಾಳಿಯಿಲ್ಲದೆ ನೇಯ್ಗೆಯಿಲ್ಲ. ಮೂಲೆಯಲ್ಲಿ ಕುಳಿತಿದ್ದ ಅಜ್ಜಿಯು, "ಓದಿ ಏನ್ ಮಾಡೂದೈತ್ರಿ ಅಕ್ಕಾವ್ರ? ಬರೂ ಲಗ್ನಸರಾಯಿಗೆ ಒಂದು ವರಾ ನೋಡೂದೈತಿ" ಎಂದಳು. ಹುಡುಗಿಗೆ ಆಗ ಹದಿನೈದು ವರ್ಷ. ಅವಳು ಬಾಗಿಲ ಸಂದಿಯಲ್ಲಿ ತಮ್ಮನನ್ನು ಸೊಂಟದ ಮೇಲೆ ಎತ್ತಿಕೊಂಡು ನಿಂತಿದ್ದಳು.

ಹೊಟ್ಟೆಯ ಮಾತನ್ನು ಆಡುವವರ ಮುಂದೆ ವಿದ್ಯೆಯ ಮಹಿಮೆಯನ್ನು ಕುರಿತು ಭಾಷಣ ಮಾಡುವುದು ಸಲ್ಲದು. ನಾನು ಒಂದು ಹಾಳೆಯನ್ನು ತೆಗೆದು, "ಮನೆಯಲ್ಲಿ ಮುಂಜಾನೆಯಿಂದ ರಾತ್ರಿಯ ತನಕ ಆಗಬೇಕಾದ ಕೆಲಸಗಳನ್ನು ನೀವೆಲ್ಲ ಹೇಳಿರಿ, ನಾನು ಬರೆಯುವೆನು" ಎಂದೆನು. ಎಲ್ಲರೂ ಹೇಳಿದರು, ಅಜ್ಜಿಯೂ ಎರಡನ್ನು ಸೇರಿಸಿದಳು. ಹನ್ನೊಂದು ಕೆಲಸಗಳಾದವು. ಅನಂತರ ಒಂದೊಂದರ ಎದುರಿಗೆ ಅದನ್ನು ಯಾರು ಮಾಡುವರೆಂದು ಕೇಳಿದೆನು. ಎಂಟರ ಎದುರಿಗೆ ಆ ಹುಡುಗಿಯ ಹೆಸರು ಬಿತ್ತು. ಹಾಳೆಯನ್ನು ತಂದೆಯ ಕೈಗೆ ಕೊಟ್ಟೆನು. ಅವನು ಬಹಳ ಹೊತ್ತು ಅದನ್ನು ನೋಡಿದನು. ಕೊನೆಗೆ, "ಇಷ್ಟೆಲ್ಲಾ ಇಕಿನ ಮಾಡ್ತಾಳಂತ ನನಗ ಗೊತ್ತಿರಲಿಲ್ರಿ" ಎಂದನು.

ಆಮೇಲೆ ಕೆಲಸಗಳನ್ನು ಹಂಚಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಪಿ.ಯು.ಸಿ. ಓದುವ ಅಣ್ಣನು ಸಂಜೆ ಕಂಡಿಕೆ ಸುತ್ತಬೇಕೆಂದಾಯಿತು. ನಾಲ್ಕು ವರ್ಷದ ತಮ್ಮನನ್ನು ಎರಡು ಮನೆ ಆಚೆಗಿನ ಅಂಗನವಾಡಿಗೆ ಸೇರಿಸುವುದೆಂದಾಯಿತು. ನೀರು ತುಂಬುವ ಕೆಲಸವನ್ನು ತಂದೆಯೇ ವಹಿಸಿಕೊಂಡನು. ರೊಟ್ಟಿ ಮತ್ತು ಪಾತ್ರೆಗಳು ಹುಡುಗಿಯ ಪಾಲಿಗೆ ಉಳಿದವು. ರಾತ್ರಿ ಏಳರಿಂದ ಎಂಟರ ತನಕ ಅವಳನ್ನು ಯಾರೂ ಯಾವ ಕೆಲಸಕ್ಕೂ ಕರೆಯಬಾರದೆಂಬ ಒಂದು ಕರಾರನ್ನು ನಾನು ಹಾಳೆಯ ಕೆಳಗೆ ಬರೆದೆನು. ಮದುವೆಯ ವಿಷಯದಲ್ಲಿ ಕಾಯಿದೆಯನ್ನು ತಿಳಿಸಿದೆನು. ಸಂಕಟದಲ್ಲಿರುವ ಮಕ್ಕಳಿಗಾಗಿ ೧೦೯೮ ಎಂಬ ದೂರವಾಣಿ ಸಂಖ್ಯೆಯಿರುವುದನ್ನು ಹುಡುಗಿಯ ಎದುರಿಗೇ ಹೇಳಿದೆನು. ಅಜ್ಜಿಯು ಮುಖ ತಿರುಗಿಸಿದಳು. ತಂದೆಯು, ಹದಿನೆಂಟು ತುಂಬುವ ತನಕ ಆ ಮಾತನ್ನು ಎತ್ತುವುದಿಲ್ಲವೆಂದು ಮಾತು ಕೊಟ್ಟನು.

ಇದರಿಂದ ಆ ಹುಡುಗಿಯು ಜಿಲ್ಲೆಗೆ ಮೊದಲಿಗಳಾಗಿ ಬಂದಳೆಂದು ಯಾರೂ ತಿಳಿಯಬಾರದು. ಅಣ್ಣನು ಎರಡು ವಾರ ಗೊಣಗಿದನು. ನಡುವೆ ಕೆಲವು ದಿನ ಹಳೆಯ ಕ್ರಮವೇ ಮರಳಿ ಬಂತು. ನಾವು ಮತ್ತೆ ಹೋಗಿ ಬಂದೆವು. ಹಾಜರಿಯು ಗೆರೆಯ ಮೇಲಕ್ಕೆ ಏರಿತು. ೨೦೨೪ರಿಂದ ನಮ್ಮ ರಾಜ್ಯದಲ್ಲಿ ಎಸ್.ಎಸ್.ಎಲ್.ಸಿ.ಯವರಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶವಿದೆಯಷ್ಟೆ. ಅವಳು ಮೊದಲನೆಯ ಪರೀಕ್ಷೆಯಲ್ಲಿ ಗಣಿತವೊಂದನ್ನು ಬಿಟ್ಟು ಎಲ್ಲದರಲ್ಲಿಯೂ ತೇರ್ಗಡೆಯಾದಳು. ಎರಡನೆಯದರಲ್ಲಿ ಗಣಿತವನ್ನೂ ಗಳಿಸಿಕೊಂಡಳು. ಈಗ ಪಿ.ಯು.ಸಿ. ಮೊದಲನೆಯ ವರ್ಷದಲ್ಲಿದ್ದಾಳೆ. ಲಗ್ನಸರಾಯಿಯು ಬಂದು ಹೋಯಿತು. ಆ ಮನೆಯ ಮುಂದೆ ಚಪ್ಪರ ಏಳಲಿಲ್ಲ. ಈ ವರ್ಷದ ನಮ್ಮ ಫಲಿತಾಂಶಗಳಲ್ಲಿ ನನಗೆ ಬಹಳ ಸಮಾಧಾನ ತಂದದ್ದು ಇದೇ.

ಏಳರಿಂದ ಎಂಟರ ತನಕ ಎಂಬ ಕರಾರನ್ನು ನಾನು ಯಾವ ಶಿಕ್ಷಣಶಾಸ್ತ್ರದ ಗ್ರಂಥದಿಂದಲೂ ತೆಗೆದುಕೊಂಡದ್ದಲ್ಲ. ಬಿ.ಎಡ್. ಓದುವಾಗ ಮನಶ್ಶಾಸ್ತ್ರದ ಪಾಠಗಳನ್ನೆಲ್ಲ ಶ್ರದ್ಧೆಯಿಂದ ಕಲಿತೆನಾದರೂ ಇದನ್ನು ನನಗೆ ಕಲಿಸಿದವಳು ಆಸ್ಪತ್ರೆಯಲ್ಲಿ ಆಯಾ ಆಗಿ ದುಡಿಯುತ್ತಿದ್ದ ನನ್ನ ತಾಯಿ. ಅವಳು ಮಿಶನ್ ಶಾಲೆಯಲ್ಲಿ ನಾಲ್ಕನೆಯ ತರಗತಿಯ ತನಕ ಓದಿದ್ದಳು. ನಾವು ಐವರು ಒಂದೇ ಕೋಣೆಯಲ್ಲಿದ್ದೆವು. ದೀಪ ಹೋದರೆ ಕಂದೀಲು. ರಾತ್ರಿ ಏಳಾಯಿತೆಂದರೆ ತಾಯಿಯು, "ಎಂಟರ ತನಕಾ ಇಕಿನ್ನ ಯಾರೂ ಕರೀಬ್ಯಾಡ್ರಿ" ಎಂದು ಸಾರುವಳು. ನೆಂಟರು ಬಂದರೆ ದಣಿದು ಬಂದ ಅವಳೇ ಎದ್ದು ಚಹ ಕಾಸುವಳು. ತಂದೆಯು ನೀರು ಕೇಳಿದರೆ, "ಕೊಡಾ ಅಲ್ಲೇ ಐತಿ ನೋಡ್ರಿ" ಎನ್ನುವಳು. ಗಡಿಯಾರವು ಎಂಟು ತೋರಿಸಿದ ಕೂಡಲೆ, "ಎಂಟಾತು, ಏಳು, ತಾಟು ಹಾಕು" ಎಂದು ಕೂಗುವುದನ್ನೂ ಅವಳು ಮರೆತವಳಲ್ಲ. ಕೆಲಸದಿಂದ ಬಿಡುಗಡೆ ನನಗಿರಲಿಲ್ಲ. ಆದರೆ ಒಂದು ತಾಸು ನನ್ನದಾಗಿತ್ತು. ನಾನು ಇಂದು ಈ ಕುರ್ಚಿಯಲ್ಲಿ ಕುಳಿತಿರುವುದಕ್ಕೆ ಆ ತಾಸುಗಳೇ ಕಾರಣ.

ಉಪದೇಶ ಮಾಡುವವಳ ಮನೆಯಲ್ಲಿ ಏನು ನಡೆಯುತ್ತದೆಂದು ತಿಳಿಯುವ ಕುತೂಹಲವು ವಾಚಕರಿಗೆ ಸಹಜವೇ. ನಮ್ಮ ಮನೆಯಲ್ಲಿ ಹದಿನೈದು ವರ್ಷದ ಮಗನೂ ಹದಿಮೂರು ವರ್ಷದ ಮಗಳೂ ಇದ್ದಾರೆ. ಯಜಮಾನರು ದಿನವೂ ರೈಲಿನಲ್ಲಿ ಹುಬ್ಬಳ್ಳಿಗೆ ಹೋಗಿಬರುವ ನೌಕರರು. ಅತ್ತೆಯವರಿಗೆ ಎಪ್ಪತ್ತು ದಾಟಿದೆ. ಆ ಪ್ರಬಂಧಗಳನ್ನು ತಿದ್ದಿ ಮುಗಿಸಿದ ವಾರವೇ ನಾನು ಮನೆಯ ಕೆಲಸಗಳ ಪಟ್ಟಿಯೊಂದನ್ನು ಬರೆದು ಅಡಿಗೆಮನೆಯ ಬಾಗಿಲಿನ ಹಿಂದೆ ಅಂಟಿಸಿದೆನು. ಅದರಲ್ಲಿ ಮಗನ ಹೆಸರಿನ ಎದುರಿಗೆ ಭಾನುವಾರದ ರೊಟ್ಟಿಯು ಬಂದಿತ್ತು. ಅತ್ತೆಯವರು ಅದನ್ನು ಓದಿ, "ಗಂಡ್ಸು ಮಗಾ ರೊಟ್ಟಿ ಬಡಿಯೂದೇನ ಚಂದ!" ಎಂದು ಹಜಾರಕ್ಕೆ ಹೋಗಿ ಕುಳಿತರು. ಮೊದಲನೆಯ ಭಾನುವಾರ ಮಗನ ರೊಟ್ಟಿಗಳು ಹಂಚಿಗೆ ಹೋಗುವ ಮೊದಲೇ ಮೂರು ಮೂರು ತುಂಡಾದವು. ಎರಡನೆಯ ಭಾನುವಾರವೂ ಹಾಗೆಯೇ ಆಯಿತು. ಮೂರನೆಯ ಭಾನುವಾರ ಅತ್ತೆಯವರಿಗೆ ತಡೆಯಲಾಗಲಿಲ್ಲ. "ಎಸರು ಕುದಿಬೇಕೋ ತಮ್ಮಾ, ತಣ್ಣೀರಾಗ ಜ್ವಾಳದ ಹಿಟ್ಟು ಕೂಡತೈತೇನು?" ಎನ್ನುತ್ತ ಎದ್ದು ಬಂದು ಅವನ ಪಕ್ಕದಲ್ಲಿ ಕುಳಿತರು. ಈಗ ಅವನ ರೊಟ್ಟಿಯನ್ನು ಹೊಗಳುವವರಲ್ಲಿ ಅವರೇ ಮೊದಲಿಗರು.

ಮಗಳಿಗೂ ಏಳರಿಂದ ಎಂಟರ ತಾಸು ದೊರೆತಿದೆ. ಮೊದಮೊದಲು ಅವಳು ಆ ಹೊತ್ತಿನಲ್ಲಿ ಪಠ್ಯಪುಸ್ತಕವನ್ನು ತೆರೆಯಲಿಲ್ಲ. ಕಿಟಕಿಯ ಬಳಿ ಕುಳಿತು ಪುಸ್ತಕದ ಹಿಂದಿನ ಹಾಳೆಯ ಮೇಲೆ ಹಕ್ಕಿಗಳ ಚಿತ್ರ ಬರೆದಳು. ಯಜಮಾನರು ನನ್ನ ಮುಖವನ್ನು ನೋಡಿದರು. ಇರಲಿ, ಆ ತಾಸು ಅವಳದು, ನಮ್ಮದಲ್ಲ ಎಂದೆನು. ಒಂದು ತಿಂಗಳಾಗುವಷ್ಟರಲ್ಲಿ ಆ ಹಕ್ಕಿಗಳ ಹೆಸರುಗಳನ್ನು ತಿಳಿಯಬೇಕೆಂದು ಶಾಲೆಯ ಗ್ರಂಥಾಲಯದಿಂದ ಪುಸ್ತಕ ತಂದಳು. ಈಗ ಪಾಠಗಳಿಗೂ ಆ ತಾಸಿನಲ್ಲಿಯೇ ಜಾಗ ದೊರೆತಿದೆ. ಮಕ್ಕಳಿಗೆ ವೇಳೆಯನ್ನು ಕೊಟ್ಟವರು ಅದರ ಖರ್ಚಿನ ಲೆಕ್ಕವನ್ನು ನಿಮಿಷ ನಿಮಿಷಕ್ಕೆ ಕೇಳಬಾರದೆಂದು ನನಗನ್ನಿಸುತ್ತದೆ. ತನ್ನದೆಂಬ ಹೊತ್ತು ಇಲ್ಲದವಳಿಗೆ ತನ್ನದೆಂಬ ಯೋಚನೆ ಎಲ್ಲಿಂದ ಬರಬೇಕು?

ಪಾಲಕರ ಸಭೆಗಳಲ್ಲಿ ನಾನು ಈ ಮಾತನ್ನು ಎತ್ತಿದಾಗಲೆಲ್ಲ ಮೂರು ಆಕ್ಷೇಪಗಳು ಬರುತ್ತವೆ.

ಮೊದಲನೆಯದು ತಾಯಂದಿರದು: "ಮನೆಗೆಲಸ ಕಲಿಯದಿದ್ದರೆ ನಾಳೆ ಗಂಡನ ಮನೆಯಲ್ಲಿ ಏನು ಗತಿ?" ಹುಡುಗಿಯರು ಕೆಲಸ ಕಲಿಯಬಾರದೆಂದು ನಾನು ಎಂದೂ ಹೇಳೆನು. ಮೂರು ಸಾಲಿನ ಪ್ರಬಂಧ ಬರೆದ ಆ ಗುಮಾಸ್ತರ ಮಗಳಿಗೆ ಚಹ ಕಾಸಲು ಕಲಿಸಿರೆಂದು ಅವಳ ತಾಯಿಗೆ ನಾನೇ ಹೇಳಿ ಕಳಿಸಿದೆನು. ಕೆಲಸವು ಎಲ್ಲ ಮಕ್ಕಳಿಗೂ ಬೇಕು, ಗಂಡುಮಕ್ಕಳಿಗೂ ಬೇಕು. ಆದರೆ ಕಲಿಯುವುದಕ್ಕೆ ಒಂದು ಮಿತಿಯಿದೆ. ಐದು ವರ್ಷ ರೊಟ್ಟಿ ಬಡಿದವಳು ಆರನೆಯ ವರ್ಷದ ರೊಟ್ಟಿಯಲ್ಲಿ ಹೊಸದಾಗಿ ಕಲಿಯುವುದೇನೂ ಇಲ್ಲ; ಅಲ್ಲಿಂದ ಮುಂದೆ ಅದು ಕಲಿಕೆಯಲ್ಲ, ದುಡಿತ.

ಎರಡನೆಯದು: "ನಮ್ಮದು ಸಣ್ಣ ಮನೆ, ಓದಲು ಬೇರೆ ಕೋಣೆಯಿಲ್ಲ." ಕೋಣೆ ಬೇಡ. ಒಂದು ಮೂಲೆ, ಒಂದು ದೀಪ, ಆ ಒಂದು ತಾಸು ಟಿ.ವಿ.ಯ ಮೌನ, ಇಷ್ಟು ಸಾಕು. ಮನೆಯವರು ಸುಮ್ಮನಿರುವುದಕ್ಕೆ ಹಣ ಬೀಳುವುದಿಲ್ಲ.

ಮೂರನೆಯದು ತಂದೆಯವರದು: "ಹೊತ್ತು ಕೊಟ್ಟರೆ ಮೊಬೈಲ್ ಹಿಡಿದು ಕುಳಿತುಕೊಳ್ಳುತ್ತಾರೆ." ಈ ಆಕ್ಷೇಪದಲ್ಲಿ ಸತ್ಯವಿದೆ. ೨೦೨೦ರ ಮಾರ್ಚಿಯಲ್ಲಿ ಕೊರೋನಾ ರೋಗದ ನಿಮಿತ್ತ ಶಾಲೆಗಳು ಮುಚ್ಚಿದಾಗ ಮೊಬೈಲೇ ಪಾಠಶಾಲೆಯಾಯಿತು. ಮನೆಗೆ ಒಂದೇ ಮೊಬೈಲಿದ್ದಲ್ಲಿ ಅದು ಹೆಚ್ಚಾಗಿ ಅಣ್ಣನ ಕೈಯಲ್ಲಿತ್ತು. ತಂಗಿಯು ಒಲೆಯ ಮುಂದಿದ್ದಳು. ೨೦೨೧ರ ಆಗಸ್ಟಿನಲ್ಲಿ ಒಂಬತ್ತು ಹತ್ತನೆಯ ತರಗತಿಯ ಮಕ್ಕಳು ಮರಳಿ ಬಂದಾಗ ನಮ್ಮ ಹುಡುಗಿಯರು ಬೀಜಗಣಿತವನ್ನು ಮರೆತಿದ್ದರು, ಮನೆಗೆಲಸಗಳನ್ನು ಮಾತ್ರ ಕೈತುಂಬ ಹೊತ್ತು ತಂದಿದ್ದರು. ಆ ದಿನಗಳಲ್ಲಿ ಅವರ ಮೇಲೆ ಬಿದ್ದ ಕೆಲಸಗಳು ಶಾಲೆ ತೆರೆದ ಮೇಲೂ ಇಳಿಯಲಿಲ್ಲ. ಆದುದರಿಂದ ಆ ಒಂದು ತಾಸಿನಲ್ಲಿ ಮೊಬೈಲು ತಂದೆಯ ಕಿಸೆಯಲ್ಲಿರಲಿ, ತಂದೆಯೂ ಅದನ್ನು ತೆರೆಯದಿರಲಿ. ಮಕ್ಕಳು ನಮ್ಮ ಮಾತಿಗಿಂತ ನಮ್ಮ ಕೈಯನ್ನು ಹೆಚ್ಚಾಗಿ ನೋಡುವರು.

ಮನೆಯವರಿಗೆ ಇಷ್ಟು ಹೇಳಿದ ಮೇಲೆ ಶಾಲೆಯು ತನ್ನ ಪಾಲನ್ನು ಮಾಡದಿರಬಾರದು. ಎಷ್ಟೋ ಮನೆಗಳಲ್ಲಿ ಆ ಮೂಲೆಯೂ ಆ ಮೌನವೂ ಎಷ್ಟು ಇಷ್ಟಪಟ್ಟರೂ ದೊರೆಯಲಾರವೆಂದು ನನಗೆ ತಿಳಿದಿದೆ. ಅಂಥವರಿಗಾಗಿ ಕಳೆದ ಜೂನಿನಿಂದ ಶಾಲೆಯ ಸಭಾಗೃಹವನ್ನು ಸಂಜೆ ಐದರಿಂದ ಆರರ ತನಕ ತೆರೆದಿಟ್ಟಿದ್ದೇವೆ. ಅಲ್ಲಿ ಪಾಠ ನಡೆಯುವುದಿಲ್ಲ, ಪರೀಕ್ಷೆಯಿಲ್ಲ, ಶುಲ್ಕವಿಲ್ಲ. ಮೇಜು, ಬೆಂಚು, ದೀಪ, ಕುಡಿಯುವ ನೀರು ಇವೆ. ಮೊದಲ ವಾರ ಒಂಬತ್ತು ಮಂದಿ ಬಂದರು. ಈಗ ಮೂವತ್ತಕ್ಕೆ ಕಡಿಮೆಯಿಲ್ಲ. ಕೆಲವರು ಓದುವರು, ಕೆಲವರು ಗಣಿತ ಮಾಡುವರು, ಒಬ್ಬಿಬ್ಬರು ಮೇಜಿನ 위에ೆ ತಲೆಯಿಟ್ಟು ನಿದ್ದೆ ಹೋಗುವುದೂ ಉಂಟು. ಅವರನ್ನು ಎಬ್ಬಿಸಬಾರದೆಂದು ನಾನು ಹೇಳಿದ್ದೇನೆ.

ಇದರ ಮೇಲ್ವಿಚಾರಣೆಯನ್ನು ನಮ್ಮ ಉಪಾಧ್ಯಾಯಿನಿಯರು ಸರದಿಯ ಮೇಲೆ ನೋಡಿಕೊಳ್ಳುತ್ತಿದ್ದಾರೆ. ಆದರೆ ಅವರಿಗೂ ಮನೆಗಳಿವೆ, ಅವರಿಗೂ ೨೯೯ ನಿಮಿಷಗಳು ಕಾದಿವೆ. ಆದುದರಿಂದ ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ನನ್ನ ಬಿನ್ನಹವಿದು: ಊರಿನಲ್ಲಿರುವವರು ವಾರಕ್ಕೆ ಒಂದು ಸಂಜೆಯನ್ನು ಈ ಸಭಾಗೃಹಕ್ಕೆ ಕೊಡಿರಿ. ನೀವು ಏನನ್ನೂ ಕಲಿಸಬೇಕಾಗಿಲ್ಲ. ನಿಮ್ಮ ಪುಸ್ತಕವನ್ನೋ ಹೊಲಿಗೆಯನ್ನೋ ತಂದು ಕುಳಿತಿದ್ದರೆ ಸಾಕು. ಆರು ಗಂಟೆಗೆ, ಕತ್ತಲಾಗುವ ಮೊದಲು, ಒಂದೇ ಓಣಿಯ ಹುಡುಗಿಯರನ್ನು ಗುಂಪು ಮಾಡಿ ಮನೆಗೆ ಮುಟ್ಟಿಸಿದರೆ ದೊಡ್ಡ ಉಪಕಾರ. ಪರಊರಿನಲ್ಲಿರುವವರು ನಿಮ್ಮ ಮನೆಯಲ್ಲಿಯೇ ಈ ಕೆಲಸವನ್ನು ಆರಂಭಿಸಬಹುದು. ನಿಮ್ಮ ಮಗಳಿಗೆ ಒಂದು ತಾಸು ಕೊಡಿರಿ. ನಿಮ್ಮ ಮನೆಗೆ ಪಾತ್ರೆ ತಿಕ್ಕಲು ಬರುವವಳ ಜೊತೆಗೆ ಅವಳ ಮಗಳೂ ಬರುತ್ತಿದ್ದರೆ, ಆ ಹುಡುಗಿಯು ಯಾವ ತರಗತಿಯಲ್ಲಿರುವಳೆಂದು ಕೇಳಿರಿ. ನಿಮ್ಮ ಹಜಾರದ ದೀಪದ ಕೆಳಗೆ ಅವಳಿಗೂ ಜಾಗ ಮಾಡಿಕೊಡಿರಿ.

ಪಾಲಕರೇ, ನಿಮ್ಮಿಂದ ನಾನು ಬೇಡುವುದು ದೇಣಿಗೆಯನ್ನಲ್ಲ. ಈ ಸಂಚಿಕೆಯನ್ನು ಓದಿ ಮುಗಿಸಿದ ದಿನ, ಮನೆಯವರೆಲ್ಲ ಕೂಡಿ, ಒಂದು ಹಾಳೆಯ ಮೇಲೆ ಮನೆಯ ಕೆಲಸಗಳನ್ನು ಬರೆಯಿರಿ. ಒಂದೊಂದರ ಎದುರಿಗೆ ಅದನ್ನು ಮಾಡುವವರ ಹೆಸರನ್ನು ಹಾಕಿರಿ. ಆಮೇಲೆ ಏನು ಮಾಡಬೇಕೆಂಬುದನ್ನು ಆ ಹಾಳೆಯೇ ನಿಮಗೆ ಹೇಳುವುದು.

 ಸಂಜೆಯ ಸರದಿಗೆ ಬರಲು ಇಚ್ಛಿಸುವವರು ಯಾವ ದಿನ ಬರಬಲ್ಲಿರೆಂದು ಶಾಲೆಯ ಕಚೇರಿಗೆ ತಿಳಿಸಬೇಕಾಗಿ ಕೋರುತ್ತೇನೆ. ಮಂಗಳವಾರವೂ ಶುಕ್ರವಾರವೂ ಇನ್ನೂ ಖಾಲಿಯಿವೆ.

ಇಂತು ನಿಮ್ಮ ವಿಶ್ವಾಸಿ,
ಹೆಡ್‌ಮಿಸ್ಟ್ರೆಸ್